ದಯಾಮರಣ: ‘ತೆಗೆಯುವುದು’ ಮತ್ತು ‘ಬಿಡುವುದು’ – ಒಂದು ಜಾನಪದೀಯ ಅವಲೋಕನ

ಸಾವನ್ನು ಕುರಿತು ಕನ್ನಡ ಜನಪದರು ಬಳಸುವ ಕ್ರಿಯಾಪದಗಳು ವಿಶೇಷ ಗಮನಕ್ಕೆ ಅರ್ಹವಾಗಿವೆ. ‘ಜೀವ ಹೋಯಿತು’ ಎಂಬಲ್ಲಿ ಜೀವವೇ ಕರ್ತೃ. ‘ಜೀವ ಬಿಟ್ಟ’ ಎಂಬಲ್ಲಿ ಸಾಯುವವನು ಕರ್ತೃ. ‘ಜೀವ ತೆಗೆದ’ ಎಂಬಲ್ಲಿ ಕರ್ತೃ ಬೇರೊಬ್ಬ. ಅದು ಕೊಲೆಯ ಮಾತು. ದಯಾಮರಣದ ಬಗೆಗೆ ವೈದ್ಯರೂ ನ್ಯಾಯಾಲಯಗಳೂ ನಡೆಸಿರುವ ದೀರ್ಘ ಚರ್ಚೆಯ ತಿರುಳು ಬಹುಮಟ್ಟಿಗೆ ಈ ‘ಬಿಡು’ ಮತ್ತು ‘ತೆಗೆ’ಗಳ ನಡುವಿನ ಅಂತರವೇ ಆಗಿದೆ ಎಂಬುದು ಪ್ರಸ್ತುತ ಲೇಖನದ ಗ್ರಹಿಕೆ.

ವಿಪರ್ಯಾಸವೆಂದರೆ, ಈ ಅಂತರವನ್ನು ಬಲ್ಲ ಭಾಷೆಯಲ್ಲಿಯೇ ‘ದಯಾಮರಣ’ ಎಂಬ ಒಂದೇ ಪದ ಎರಡನ್ನೂ ಮುಚ್ಚಿಬಿಟ್ಟಿದೆ. ಮಾರಕ ಔಷಧ ನೀಡಿ ಸಾವನ್ನು ತರುವುದು ಭಾರತದಲ್ಲಿ ಇಂದಿಗೂ ಅಪರಾಧ. ಗುಣವಾಗುವ ಭರವಸೆಯಿಲ್ಲದ ರೋಗಿಗೆ ಕೃತಕ ಉಸಿರಾಟದಂತಹ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸುವುದು ಅಥವಾ ಆರಂಭಿಸದಿರುವುದು ನಿಗದಿತ ಕ್ರಮಕ್ಕೆ ಒಳಪಟ್ಟು ನ್ಯಾಯಸಮ್ಮತ. ಎರಡನೆಯದನ್ನು ‘ನಿಷ್ಕ್ರಿಯ ದಯಾಮರಣ’ ಎಂದು ಕರೆಯುವುದು ರೂಢಿಯಲ್ಲಿದೆಯಾದರೂ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2018ರ ತನ್ನ ಪರಿಭಾಷಾ ದಾಖಲೆಯಲ್ಲಿ ಆ ಪದವನ್ನು ಕೈಬಿಡುವುದೇ ಲೇಸೆಂದು ಸೂಚಿಸಿತು. ಜಾನಪದ ವಿದ್ಯಾರ್ಥಿಗೆ ಈ ಸೂಚನೆ ಸಹಜವಾಗಿಯೇ ಒಪ್ಪಿಗೆಯಾಗುತ್ತದೆ.

ಈ ಚರ್ಚೆಯ ಕೇಂದ್ರದಲ್ಲಿದ್ದ ವ್ಯಕ್ತಿ ಉತ್ತರ ಕನ್ನಡ ಜಿಲ್ಲೆಯ ಹಳದೀಪುರ ಮೂಲದ ಅರುಣಾ ಶಾನಭಾಗ. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಆಕೆ 1973ರ ನವೆಂಬರ್ 27ರಂದು ವಾರ್ಡಿನ ಕೆಲಸಗಾರನೊಬ್ಬನ ಹೇಯ ದೌರ್ಜನ್ಯಕ್ಕೆ ಗುರಿಯಾಗಿ, ಮಿದುಳಿಗೆ ರಕ್ತಸಂಚಾರ ತಡೆಯಾದುದರಿಂದ ಮುಂದಿನ ಸುಮಾರು 42 ವರ್ಷ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಕಳೆದರು. ಲೇಖಕಿ ಪಿಂಕಿ ವಿರಾನಿ ಅವರು ಆಕೆಗೆ ಆಹಾರ ನೀಡುವುದನ್ನು ನಿಲ್ಲಿಸಬೇಕೆಂದು ಕೋರಿ ಸರ್ವೋಚ್ಚ ನ್ಯಾಯಾಲಯದ ಮೊರೆಹೋದರು. 2011ರ ಮಾರ್ಚ್ 7ರಂದು ನ್ಯಾಯಾಲಯವು ಅರ್ಜಿಯನ್ನು ತಳ್ಳಿಹಾಕಿತಾದರೂ, ಉಚ್ಚ ನ್ಯಾಯಾಲಯದ ಅನುಮತಿ ಪಡೆದು ಚಿಕಿತ್ಸೆ ಹಿಂತೆಗೆಯಬಹುದೆಂಬ ತತ್ತ್ವವನ್ನು ಮೊದಲ ಬಾರಿಗೆ ಅಂಗೀಕರಿಸಿತು. ನಮ್ಮ ದೃಷ್ಟಿಗೆ ಇದಕ್ಕಿಂತ ಮಹತ್ವದ ಸಂಗತಿ ಇನ್ನೊಂದಿದೆ. ಆಕೆಯ ಪರವಾಗಿ ಮಾತನಾಡುವ ಹಕ್ಕು ಯಾರದೆಂಬ ಪ್ರಶ್ನೆಗೆ ನ್ಯಾಯಾಲಯ ಕೊಟ್ಟ ಉತ್ತರ: ದಶಕಗಳ ಕಾಲ ಆಕೆಗೆ ಉಣಿಸಿ, ಮೈ ತೊಳೆದು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಯದು. ಆ ದಾದಿಯರು ಆಹಾರ ನಿಲ್ಲಿಸಲು ಒಪ್ಪಲಿಲ್ಲ. 2015ರ ಮೇ 18ರಂದು ಅರುಣಾ ನ್ಯುಮೋನಿಯಾದಿಂದ ತೀರಿಕೊಂಡರು.

ದಾದಿಯರ ಈ ನಿರಾಕರಣೆಯನ್ನು ಕೇವಲ ಭಾವುಕತೆಯೆಂದು ಬದಿಗೊತ್ತಲಾಗದು. ಕೊನೆಯ ಗಳಿಗೆಯಲ್ಲಿ ಬಾಯಿಗೆ ನೀರು ಬಿಡುವುದು ನಮ್ಮ ಅನೇಕ ಸಮುದಾಯಗಳಲ್ಲಿ ಬಂಧುಗಳ ಅಂತಿಮ ಕರ್ತವ್ಯ. ಹಾಗೆ ನೀರು ಬಿಡುವವರಿಲ್ಲದ ಸಾವೇ ದಿಕ್ಕಿಲ್ಲದ ಸಾವು. ಆದುದರಿಂದ ಉಸಿರಾಟದ ಯಂತ್ರವನ್ನು ನಿಲ್ಲಿಸಲು ಒಪ್ಪುವ ಕುಟುಂಬವೂ ಮೂಗಿನ ಕೊಳವೆಯಿಂದ ಕೊಡುವ ಗಂಜಿಯನ್ನು ನಿಲ್ಲಿಸಲು ಹಿಂಜರಿಯುತ್ತದೆ. ವೈದ್ಯಶಾಸ್ತ್ರದಲ್ಲಿ ಎರಡೂ ಚಿಕಿತ್ಸೆಗಳೇ. ಮನೆಯವರ ಕಣ್ಣಿಗೆ ಒಂದು ಯಂತ್ರ, ಇನ್ನೊಂದು ಅನ್ನ.

ಹಾಗೆಂದು ಸಂಪ್ರದಾಯವೆಲ್ಲವೂ ಕರುಣಾಮಯವೆಂದು ಭಾವಿಸಬೇಕಾಗಿಲ್ಲ. ತಮಿಳುನಾಡಿನ ದಕ್ಷಿಣ ಜಿಲ್ಲೆಗಳಲ್ಲಿ, ಮುಖ್ಯವಾಗಿ ವಿರುದುನಗರದ ಕಡೆ, ‘ತಲೈಕೂತ್ತಲ್’ ಎಂಬ ಆಚರಣೆಯಿರುವುದು 2010ರಲ್ಲಿ ವ್ಯಾಪಕವಾಗಿ ವರದಿಯಾಯಿತು. ಹಾಸಿಗೆ ಹಿಡಿದ ವೃದ್ಧರನ್ನು ಎಣ್ಣೆಸ್ನಾನದ ಹೆಸರಿನಲ್ಲಿ ಸಾವಿನತ್ತ ತಳ್ಳುವ ಈ ಕ್ರಮವು ಅವರ ಸಮ್ಮತಿಯಿಲ್ಲದೆಯೂ ನಡೆಯುತ್ತಿತ್ತು. ಬಡತನ ಮತ್ತು ಆರೈಕೆಯ ಭಾರ ಇದರ ಹಿಂದಿವೆ. ಆದರೆ ಕ್ರಿಯಾಪದ ‘ತೆಗೆ’ಯೇ.

ಇದಕ್ಕೆ ಎದುರಾಗಿ ಜೈನರ ಸಲ್ಲೇಖನವನ್ನು ಇಡಬಹುದು. ಶ್ರವಣಬೆಳಗೊಳದ ಚಂದ್ರಗಿರಿಯ ಶಾಸನಗಳು ಹಾಗೂ ನಾಡಿನ ನಿಸಿಧಿಕಲ್ಲುಗಳು ಇದರ ಸುದೀರ್ಘ ದಾಖಲೆ. ಪರಿಹಾರವಿಲ್ಲದ ಉಪಸರ್ಗ, ಬರಗಾಲ, ಮುಪ್ಪು, ರೋಗಗಳಲ್ಲಿ ಮಾತ್ರ ಸಮಂತಭದ್ರಾಚಾರ್ಯರು ಇದಕ್ಕೆ ಅವಕಾಶ ಹೇಳುತ್ತಾರೆ. ಬದುಕಿನ ಆಸೆಯಂತೆಯೇ ಸಾವಿನ ಆಸೆಯೂ ಇಲ್ಲಿ ವ್ರತದೋಷ. ಸ್ವತಃ ಸಮಂತಭದ್ರರು ಭಸ್ಮಕ ರೋಗದಿಂದ ಬಳಲಿ ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ನಿರಾಕರಿಸಿದರೆಂಬ ಐತಿಹ್ಯ ಪ್ರಸಿದ್ಧವಾಗಿದೆ. ಕೇಳಿದವರಿಗೆಲ್ಲ ಅನುಮತಿ ದೊರೆಯುತ್ತಿರಲಿಲ್ಲ! ರಾಜಸ್ಥಾನ ಉಚ್ಚ ನ್ಯಾಯಾಲಯ 2015ರ ಆಗಸ್ಟ್ 10ರಂದು ಇದನ್ನು ಆತ್ಮಹತ್ಯೆಗೆ ಸಮೀಕರಿಸಿತು; ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಸಲ್ಲೇಖನ ಧಾರ್ಮಿಕ ವ್ರತ, ಚಿಕಿತ್ಸೆಯ ನಿಲುಗಡೆಯಲ್ಲ, ಎರಡನ್ನೂ ಬೆರೆಸಬಾರದು. ಆದರೆ ಸ್ವಂತ ಸಂಕಲ್ಪ, ಪರರ ಪರಿಶೀಲನೆ, ಸಾಕ್ಷಿಗಳ ಸಮಕ್ಷಮತೆ ಎಂಬ ಮೂರು ನಿಬಂಧನೆಗಳನ್ನು ಇಂದಿನ ಕಾನೂನಿನಲ್ಲಿಯೂ ಕಾಣುತ್ತೇವೆ.

2018ರ ಮಾರ್ಚ್ 9ರಂದು ಐವರು ನ್ಯಾಯಾಧೀಶರ ಸಂವಿಧಾನ ಪೀಠವು ಘನತೆಯಿಂದ ಸಾಯುವ ಹಕ್ಕನ್ನು ಸಂವಿಧಾನದ 21ನೆಯ ವಿಧಿಯ ಭಾಗವೆಂದು ಸಾರಿ, ಮುಂಗಡ ಇಚ್ಛಾಪತ್ರಕ್ಕೆ ಮಾನ್ಯತೆ ನೀಡಿತು. ಆದರೆ ನ್ಯಾಯಿಕ ಮ್ಯಾಜಿಸ್ಟ್ರೇಟರ ರುಜು ಮೊದಲಾದ ಷರತ್ತುಗಳಿಂದ ಅದು ಕಾಗದದಲ್ಲಿಯೇ ಉಳಿಯಿತು. 2023ರ ಜನವರಿಯಲ್ಲಿ ಕ್ರಮ ಸರಳಗೊಂಡಿತು: ಇಬ್ಬರು ಸಾಕ್ಷಿಗಳ ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು, ಆಸ್ಪತ್ರೆಯ ಪ್ರಾಥಮಿಕ ಹಾಗೂ ದ್ವಿತೀಯ ವೈದ್ಯ ಮಂಡಳಿಗಳು ತಲಾ 48 ಗಂಟೆಗಳೊಳಗೆ ಅಭಿಪ್ರಾಯ ನೀಡುವುದು ಅಪೇಕ್ಷಣೀಯ. ಕರ್ನಾಟಕದ ಆರೋಗ್ಯ ಇಲಾಖೆ ಇದರ ಅನುಷ್ಠಾನಕ್ಕೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ಇಚ್ಛಾಪತ್ರವಿಲ್ಲದ, ಸ್ವತಃ ನಿರ್ಧರಿಸಲಾರದ ರೋಗಿಯ ವಿಷಯದಲ್ಲಿ ಹತ್ತಿರದ ಬಂಧುಗಳ ಒಪ್ಪಿಗೆಯೂ ಮಂಡಳಿಗಳ ತೀರ್ಮಾನವೂ ಬೇಕು.

ಹಳ್ಳಿಗಳಲ್ಲಿ ನಡೆಯುವುದು ಬೇರೆ. ದುಡ್ಡು ಮುಗಿದಾಗ, ಅಥವಾ ವೈದ್ಯರು ‘ಮನೆಗೆ ಕರೆದುಕೊಂಡು ಹೋಗಿ’ ಎಂದಾಗ, ಮನೆಯವರು ‘ವೈದ್ಯರ ಸಲಹೆಗೆ ವಿರುದ್ಧವಾಗಿ’ ಎಂದು ಅಚ್ಚಾದ ಕಾಗದಕ್ಕೆ ರುಜು ಹಾಕಿ ರೋಗಿಯನ್ನು ಕರೆತರುತ್ತಾರೆ. ಕ್ಷೇತ್ರಕಾರ್ಯದ ಸಂದರ್ಭದಲ್ಲಿ, ತಂದೆಯನ್ನು ಹೀಗೆ ಕರೆತಂದಿದ್ದ ರೈತರೊಬ್ಬರು ಮಾತಿನ ನಡುವೆ ಕೇಳಿದ್ದರು: “ರುಜು ಹಾಕಿದವನು ನಾನೇ ಅಲ್ವಾ ಸ್ವಾಮಿ, ಹಂಗಾದ್ರೆ ಅಪ್ಪನ ಜೀವ ನಾನೇ ತೆಗ್ದಂಗಾಯ್ತಾ?” ಅವರ ತಂದೆ ಮನೆಯ ಪಡಸಾಲೆಯಲ್ಲಿ ನಾಲ್ಕು ದಿನ ನರಳಿ ಜೀವ ಬಿಟ್ಟಿದ್ದರು. ಅವರು ಜೋಪಾನವಾಗಿಟ್ಟಿದ್ದ ಆಸ್ಪತ್ರೆಯ ಕಾಗದವನ್ನು ತೋರಿಸಿದರು. ಅದರಲ್ಲಿ ನೋವು ಶಮನದ ಒಂದು ಮಾತ್ರೆಯ ಹೆಸರೂ ಇರಲಿಲ್ಲ.