ಸನ್‌ಬರ್ಡ್ (ಕಲಿಕಾ ವೇದಿಕೆ)

ಸನ್‌ಬರ್ಡ್ ಎಂಬುದು ಆನ್‌ಲೈನ್ ಕಲಿಕಾ ವೇದಿಕೆಗಳನ್ನು ಕಟ್ಟಲು ಬಳಸುವ ಒಂದು ಮುಕ್ತ ತಂತ್ರಾಂಶ. ಇದನ್ನು ಬೆಂಗಳೂರಿನ ಲಾಭರಹಿತ ಸಂಸ್ಥೆಯಾದ ಏಕ್‌ಸ್ಟೆಪ್ ಪ್ರತಿಷ್ಠಾನವು ರೂಪಿಸಿದೆ. ಭಾರತದ ಶಾಲಾ ಶಿಕ್ಷಣದ ರಾಷ್ಟ್ರೀಯ ವೇದಿಕೆಯಾದ ದೀಕ್ಷಾ ಇದೇ ತಂತ್ರಾಂಶವನ್ನು ಆಧರಿಸಿದೆ.

ಹಿನ್ನೆಲೆ

ಏಕ್‌ಸ್ಟೆಪ್ ಪ್ರತಿಷ್ಠಾನದ ಸ್ಥಾಪಕರು ನಂದನ್ ನಿಲೇಕಣಿ, ರೋಹಿಣಿ ನಿಲೇಕಣಿ ಮತ್ತು ಶಂಕರ್ ಮರುವಾಡ. ಸನ್‌ಬರ್ಡ್ ಎಂಐಟಿ ಪರವಾನಗಿಯಡಿ ಲಭ್ಯವಿರುವುದರಿಂದ ಯಾವುದೇ ಸರ್ಕಾರ ಅಥವಾ ಸಂಸ್ಥೆ ಶುಲ್ಕವಿಲ್ಲದೆ ಅದನ್ನು ಪಡೆದು, ತನಗೆ ಬೇಕಾದಂತೆ ಮಾರ್ಪಡಿಸಿಕೊಳ್ಳಬಹುದು. ದೀಕ್ಷಾ ವೇದಿಕೆಯನ್ನು 2017ರ ಸೆಪ್ಟೆಂಬರ್ 5ರಂದು ಅಂದಿನ ಉಪರಾಷ್ಟ್ರಪತಿ ಎಂ. ವೆಂಕಯ್ಯ ನಾಯ್ಡು ಉದ್ಘಾಟಿಸಿದರು. ಅದರ ನಿರ್ವಹಣೆ ಎನ್‌ಸಿಇಆರ್‌ಟಿಯದು. ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರ ಮೇ ತಿಂಗಳಲ್ಲಿ ಪ್ರಕಟವಾದ ಪಿಎಂ ಇ-ವಿದ್ಯಾ ಯೋಜನೆಯು ದೀಕ್ಷಾವನ್ನು ಶಾಲಾ ಶಿಕ್ಷಣಕ್ಕೆ ಇಡೀ ದೇಶದ ಡಿಜಿಟಲ್ ವೇದಿಕೆಯನ್ನಾಗಿ ಮಾಡಿತು.

ವಿನ್ಯಾಸ

ಎಲ್ಲ ರಾಜ್ಯಗಳಿಗೂ ಒಂದೇ ವೇದಿಕೆ ಎಂದಾಗ ಎದುರಾಗುವ ಮೊದಲ ತೊಡಕು ಪಠ್ಯಕ್ರಮದ್ದು. ಭಾಷೆಯೊಂದನ್ನೇ ನೋಡಿ ಪಾಠಗಳನ್ನು ವಿಂಗಡಿಸಲು ಬರುವುದಿಲ್ಲ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ವಿದ್ಯಾರ್ಥಿಗೆ ಕರ್ನಾಟಕದ ಪಠ್ಯಪುಸ್ತಕವಿದೆ. ಗಡಿಯಾಚೆ ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಶಾಲೆಯ ವಿದ್ಯಾರ್ಥಿ ಓದುವುದು ಮಹಾರಾಷ್ಟ್ರದ ಬಾಲಭಾರತಿ ಹೊರತರುವ ಕನ್ನಡ ಪುಸ್ತಕವನ್ನು. ಭಾಷೆ ಒಂದೇ ಆದರೂ ಪಾಠ ಬೇರೆ. ಇತ್ತ ಕರ್ನಾಟಕವು ಮರಾಠಿ, ಉರ್ದು ಮೊದಲಾದ ಮಾಧ್ಯಮಗಳಲ್ಲಿಯೂ ಪುಸ್ತಕಗಳನ್ನು ಪ್ರಕಟಿಸುತ್ತದೆ. ಆದ್ದರಿಂದ ದೀಕ್ಷಾದಲ್ಲಿ ಬಳಕೆದಾರನು ಮೊದಲು ಮಂಡಳಿಯನ್ನೂ ಬಳಿಕ ಮಾಧ್ಯಮ ಮತ್ತು ತರಗತಿಯನ್ನೂ ಆರಿಸಬೇಕು. ಪ್ರತಿಯೊಂದು ಪಾಠಕ್ಕೂ ಇದೇ ಕ್ರಮದಲ್ಲಿ ಗುರುತು ನೀಡಲಾಗಿರುತ್ತದೆ. ಯಾವ ವಿಷಯಕ್ಕೆ ಯಾವ ಪಾಠ ಎಂಬುದನ್ನು ನಿರ್ಧರಿಸುವ ಅಧಿಕಾರ ಆಯಾ ರಾಜ್ಯಗಳಲ್ಲಿಯೇ ಉಳಿದಿದೆ. ಸನ್‌ಬರ್ಡ್‌ನಲ್ಲಿ ಏಕೀಕರಣ ಎಂದರೆ ಪಾಠಗಳ ಏಕೀಕರಣವಲ್ಲ, ಅವುಗಳನ್ನಿಡುವ ಕಪಾಟಿನ ಏಕೀಕರಣ.

ಮುದ್ರಿತ ಪುಸ್ತಕವನ್ನು ಕೈಬಿಡದೆ ಅದನ್ನೇ ಬಾಗಿಲಾಗಿ ಬಳಸಿರುವುದು ಈ ವಿನ್ಯಾಸದ ಬಹುಶಃ ಅತ್ಯಂತ ಉಪಯುಕ್ತ ಅಂಶ. ಅಧ್ಯಾಯದ ಬಳಿ ಅಚ್ಚಾಗಿರುವ ಕ್ಯೂಆರ್ ಕೋಡನ್ನು ಫೋನಿನಿಂದ ಸ್ಕ್ಯಾನ್ ಮಾಡಿದರೆ ಆ ಅಧ್ಯಾಯದ ವಿಡಿಯೊ ಅಥವಾ ಅಭ್ಯಾಸ ಪ್ರಶ್ನೆಗಳು ತೆರೆಯುತ್ತವೆ. ಕ್ಯಾಮೆರಾ ಕೈಕೊಟ್ಟರೆ ಅದರ ಜೊತೆಗಿರುವ ಆರು ಅಕ್ಷರ-ಅಂಕಿಗಳ ಸಂಕೇತವನ್ನು ಟೈಪಿಸಬಹುದು. ಒಮ್ಮೆ ಇಳಿಸಿಕೊಂಡ ಪಾಠವನ್ನು ಇಂಟರ್ನೆಟ್ ಇಲ್ಲದೆಯೂ ನೋಡಬಹುದು. ಮತ್ತೊಂದು ಫೋನಿಗೆ ಕಡತವಾಗಿ ದಾಟಿಸಬಹುದು. ಬಳಕೆಯ ವಿವರಗಳು ಫೋನಿನಲ್ಲಿಯೇ ಉಳಿದು, ಸಂಪರ್ಕ ಸಿಕ್ಕಾಗ ಸರ್ವರ್‌ಗೆ ಹೋಗುತ್ತವೆ.

ಟೀಕೆಗಳು

ಫೋನೇ ಇಲ್ಲದ ಮನೆಯ ಮಕ್ಕಳಿಗೆ ಈ ಯಾವ ಸೌಲಭ್ಯವೂ ತಲುಪುವುದಿಲ್ಲ ಎಂಬುದು ಎಲ್ಲ ಆನ್‌ಲೈನ್ ಕಲಿಕೆಗೂ ಅನ್ವಯಿಸುವ ಆಕ್ಷೇಪ. ಏಕೀಕೃತ ವೇದಿಕೆಗೇ ವಿಶೇಷವಾದ ಅಪಾಯ ಮಾಹಿತಿಯ ಸುರಕ್ಷತೆಯದು: ಎಲ್ಲರ ವಿವರ ಒಂದೆಡೆ ಸೇರಿದರೆ ಒಂದು ಲೋಪವೂ ಎಲ್ಲರನ್ನೂ ತಟ್ಟುತ್ತದೆ. ದೀಕ್ಷಾದ ಮಾಹಿತಿಯಿದ್ದ ಸಂಗ್ರಹವೊಂದು ರಕ್ಷಣೆಯಿಲ್ಲದೆ ತೆರೆದುಕೊಂಡಿತ್ತೆಂದೂ, ಅದರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಶಿಕ್ಷಕರ ಹೆಸರು, ದೂರವಾಣಿ ಸಂಖ್ಯೆ ಮತ್ತು ಇಮೇಲ್ ವಿಳಾಸಗಳಿದ್ದವೆಂದೂ ವೈರ್ಡ್ ಪತ್ರಿಕೆಯು 2023ರ ಜನವರಿಯಲ್ಲಿ ವರದಿ ಮಾಡಿತು. ಲಕ್ಷಾಂತರ ವಿದ್ಯಾರ್ಥಿಗಳ ವಿವರಗಳೂ ಅದರಲ್ಲಿ ಸೇರಿದ್ದವು.