ನಗರ ಹಾಗೂ ಕೈಗಾರಿಕಾ ತ್ಯಾಜ್ಯದ ಕಾಂಪೋಸ್ಟಿನಲ್ಲಿ ಸಾರಜನಕದ ಸಂರಕ್ಷಣೆ

ಸಾವಯವ ತ್ಯಾಜ್ಯವು ಕಾಂಪೋಸ್ಟ್ ಆಗುವಾಗ ಅದರ ರಾಶಿ ಕುಗ್ಗುವುದು ಸಹಜ. ಆದರೆ ಅದರೊಡನೆ ಸಾರಜನಕವೂ ಕಳೆದುಹೋದರೆ ರೈತನಿಗೆ ದೊರೆಯುವುದು ಸತ್ವಹೀನ ಗೊಬ್ಬರ. ಊರಿಗೆ ಉಳಿಯುವುದು ದುರ್ವಾಸನೆ.

ಕೊಳೆಯುವಿಕೆಯನ್ನು ನಡೆಸುವ ಸೂಕ್ಷ್ಮಜೀವಿಗಳಿಗೆ ಒಂದು ಭಾಗ ಸಾರಜನಕದೊಡನೆ ಸುಮಾರು 25ರಿಂದ 30 ಭಾಗ ಇಂಗಾಲ ಬೇಕು. ಇಂಗಾಲ ಸಾಲದಾದಾಗ ಮಿಕ್ಕ ಸಾರಜನಕವು ಅಮೋನಿಯವಾಗುತ್ತದೆ. ರಾಶಿಯ ಶಾಖವೇರಿ, ರಸಸಾರವು 8ನ್ನು ಮೀರಿದಂತೆ ಅದು ಹೆಚ್ಚು ಹೆಚ್ಚಾಗಿ ಗಾಳಿಗೆ ಸೇರುತ್ತದೆ. ರಾಶಿಯನ್ನು ಮಗುಚಿದಾಗಲೆಲ್ಲ ಈ ನಷ್ಟ ಹೆಚ್ಚುತ್ತದೆ. ಮಳೆನೀರಿನೊಡನೆ ನೈಟ್ರೇಟು ಬಸಿದುಹೋಗುವುದು ಇನ್ನೊಂದು ದಾರಿ.

ಆಲ್ಬರ್ಟ್ ಹೊವಾರ್ಡ್ 1924ರಿಂದ 1931ರ ಅವಧಿಯಲ್ಲಿ ರೂಪಿಸಿದ ಇಂದೋರ್ ಕ್ರಮದಲ್ಲಿ ರಾಶಿಯನ್ನು ಮಗುಚಲಾಗುತ್ತದೆ. ಗೊಬ್ಬರವು ಕೆಲವೇ ತಿಂಗಳುಗಳಲ್ಲಿ ಸಿದ್ಧವಾಗುತ್ತದೆ. ಸಿ. ಎನ್. ಆಚಾರ್ಯರು 1939ರಲ್ಲಿ ನಿರೂಪಿಸಿದ ಬೆಂಗಳೂರು ಕ್ರಮದಲ್ಲಿ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರಪದರವಾಗಿ ತುಂಬಿ ಮಣ್ಣಿನಿಂದ ಮುಚ್ಚಲಾಗುತ್ತದೆ, ಮಗುಚುವುದಿಲ್ಲ. ಸಾರಜನಕದ ನಷ್ಟ ಅಲ್ಪ. ಆದರೆ ಆರರಿಂದ ಎಂಟು ತಿಂಗಳ ಕಾಲಾವಧಿ, ವಿಸ್ತಾರವಾದ ನೆಲ ಬೇಕು. ಗಾಳಿಯಾಡದ ಗುಂಡಿಯಲ್ಲಿ ಮೀಥೇನ್ ಹುಟ್ಟುವ ದೋಷವೂ ಉಂಟು.

ಆದುದರಿಂದ ನೆಲದ ಕೊರತೆಯಿರುವ ನಗರಗಳು ಮಗುಚುವ ಕ್ರಮದಲ್ಲಿಯೇ ಸಾರಜನಕವನ್ನು ಹಿಡಿದಿಡಬೇಕಾಗುತ್ತದೆ. ಮೀನು ಸಂಸ್ಕರಣೆ, ಕಸಾಯಿಖಾನೆಗಳ ತ್ಯಾಜ್ಯದಲ್ಲಿ ಸಾರಜನಕ ಅಧಿಕವಾದುದರಿಂದ ಅದಕ್ಕೆ ಒಣ ಎಲೆ, ಮರದ ಹೊಟ್ಟು, ತೆಂಗಿನ ನಾರಿನ ಪುಡಿಗಳನ್ನು ಮೊದಲೇ ಬೆರೆಸುವುದು ಅಗತ್ಯ. ಸೂಪರ್ ಫಾಸ್ಫೇಟ್ ಅಥವಾ ಜಿಪ್ಸಂ ಅಮೋನಿಯವನ್ನು ಲವಣರೂಪದಲ್ಲಿ ನಿಲ್ಲಿಸುತ್ತದೆ. ರಾಶಿಯ ಮೇಲೆ ಹರಡಿದ ಮಾಗಿದ ಕಾಂಪೋಸ್ಟು ಹೊರಹೊಮ್ಮುವ ಅನಿಲವನ್ನು ಹೀರಿಕೊಳ್ಳುತ್ತದೆ. ಸಾರಜನಕದ ರಕ್ಷಣೆಯು ಗೊಬ್ಬರ ಸಿದ್ಧವಾದ ಮೇಲಲ್ಲ, ತ್ಯಾಜ್ಯವನ್ನು ಬೆರೆಸುವಾಗಲೇ ಆರಂಭವಾಗಬೇಕು.