ಮಿದುಳಿನ ಗಡ್ಡೆಯೂ ಮನೆತನದ ಭಯವೂ

ಶೇಡಬಾಳದಿಂದ ರೈಲಿನಲ್ಲಿ ಮಿರಜಿನ ಆಸ್ಪತ್ರೆಗೆ ಹೋಗಿಬರುವವರ ನಡುವೆ ಮಿದುಳಿನ ಗಡ್ಡೆಯ ರೋಗಿಯೊಬ್ಬನಿದ್ದಾನೆನ್ನಿ. ತನಗೂ ಬಂದೀತೆಂಬ ಚಿಂತೆ ಆತನ ತಮ್ಮನನ್ನು ಕೊರೆಯುತ್ತದೆ. ಹೆಣ್ಣು ಕೊಡುವವರೂ ಹಿಂಜರಿಯುತ್ತಾರೆ. ಶ್ರೋತೃಗಳೇ, ಈ ಹಿಂಜರಿಕೆಗೆ ಆಧಾರವೆಷ್ಟೆಂಬುದನ್ನು ವಿಚಾರಿಸೋಣ.

ತಂದೆತಾಯಿಗಳಿಂದ ಬಂದ ವಂಶವಾಹಿಗಳ ಬರವಣಿಗೆಯಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಒಬ್ಬರಿಂದೊಬ್ಬರಿಗೆ ಬೇರೆಯಾಗಿರುತ್ತದೆ. ಗ್ಲಯೋಮಾ ಎಂಬ ಮಿದುಳಿನ ಗಡ್ಡೆಯೊಡನೆ ಸಂಬಂಧವುಳ್ಳ ಇಂತಹ ಹಲವು ಭೇದಗಳು 2009ರಿಂದೀಚೆಗೆ ಗೊತ್ತಾಗಿವೆ. ಬಹುಪಾಲಿನವುಗಳ ಪ್ರಭಾವ ಅತ್ಯಲ್ಪ. ಎಂಟನೆಯ ವರ್ಣತಂತುವಿನ ಒಂದು ಭೇದ ಮಾತ್ರ ಗ್ಲಯೋಮಾದ ಕೆಲವು ಬಗೆಗಳ ಸಂಭವವನ್ನು ಸುಮಾರು ಆರು ಪಟ್ಟು ಹೆಚ್ಚಿಸುವುದೆಂದು 2012ರಲ್ಲಿ ಕಂಡುಬಂದಿತು. ಆರು ಪಟ್ಟು ಎಂದೊಡನೆ ಎದೆ ನಡುಗುವುದು ಸಹಜವೇ. ಯಾವುದರ ಆರು ಪಟ್ಟು ಎಂದು ಕೇಳುವವರು ವಿರಳ. ಈ ಬಗೆಯ ಗಡ್ಡೆಗಳು ವರ್ಷಕ್ಕೆ ಲಕ್ಷ ಜನರಲ್ಲಿ ಇಬ್ಬರಿಗೂ ಬಾರವು. ಆರರಿಂದ ಗುಣಿಸಿದರೂ ಲಕ್ಷಕ್ಕೆ ಹನ್ನೆರಡನ್ನು ಮುಟ್ಟದು. ಅಣ್ಣನಿಗಾದದ್ದು ತಮ್ಮನಿಗೆ ಆಗದಿರುವುದೇ ಸಾಮಾನ್ಯ.

ಬೇರೆ ತೆರನ ಮನೆತನಗಳೂ ಉಂಟು, ಆದರೆ ಬಲು ಕಡಿಮೆ. ಲೀ ಮತ್ತು ಫ್ರಾಮೆನಿ ಎಂಬ ವೈದ್ಯರು 1969ರಲ್ಲಿ ವರ್ಣಿಸಿದ ಅಂತಹ ಮನೆಗಳಲ್ಲಿ ಎಳೆವಯಸ್ಸಿನಲ್ಲೇ ಹಲವರಿಗೆ ಸ್ತನ, ಎಲುಬು, ಮಿದುಳುಗಳ ಅರ್ಬುದ ಕಾಣಿಸುತ್ತದೆ. ಗಡ್ಡೆಯನ್ನು ತಡೆಯಬೇಕಾದ ವಂಶವಾಹಿಯೊಂದು ಅಲ್ಲಿ ಕೆಟ್ಟಿರುತ್ತದೆ. ಅದು ಮಗುವಿಗೆ ಬರುವ ಸಂಭವ ಅರ್ಧಕ್ಕರ್ಧ. ಅಂತಹವರು ಮನೆಯ ಮೂರು ತಲೆಮಾರಿನ ರೋಗಗಳನ್ನು ವೈದ್ಯರಲ್ಲಿ ಮುಚ್ಚಿಡದೆ ಹೇಳಬೇಕು.